ಕ್ಲ್ಯಾನ್‌ನಿಂದ ಮಗ ‘ಔಟ್’ ಆದಾಗ...

ಊಟಕ್ಕೆ ಕರೆದರೆ “ಅಮ್ಮಾ, ವಾರ್ ನಡೀತಿದೆ, ತಡಿ” ಅನ್ನುವ ಮಗ ಇದ್ದಕ್ಕಿದ್ದಂತೆ ಮೊಬೈಲ್ ಬಿಸಾಕಿ ಮುಸುಕು ಹೊದ್ದು ಮಲಗಿದನೇ? ಏನಾಯ್ತೋ ಅಂದರೆ “ನನ್ನನ್ನ ಕಿಕ್ ಮಾಡಿದರು” ಅಂದನೇ? ಗಾಬರಿ ಬೇಡ, ಯಾರೂ ಒದ್ದಿಲ್ಲ. ಆದರೆ “ಹಾಳು ಗೇಮ್, ಹೋದರೆ ಹೋಗಲಿ” ಅಂತಲೂ ಅನ್ನಬೇಡಿ.

2012ರಲ್ಲಿ ಬಂದ ‘ಕ್ಲ್ಯಾಶ್ ಆಫ್ ಕ್ಲ್ಯಾನ್ಸ್’ ಆಟವನ್ನೇ ತೆಗೆದುಕೊಳ್ಳಿ. ಇದರಲ್ಲಿ 50 ಮಂದಿಯವರೆಗೆ ಸೇರಿ ಒಂದು ಕ್ಲ್ಯಾನ್ ಕಟ್ಟಬಹುದು. ‘ಫ್ರೀ ಫೈರ್’ನಲ್ಲಿ ಇದನ್ನೇ ಗಿಲ್ಡ್ ಅನ್ನುತ್ತಾರೆ. ನಮ್ಮ ಸ್ವಸಹಾಯ ಸಂಘ ಇದ್ದ ಹಾಗೆ ಅನ್ನಿ! ಅಧ್ಯಕ್ಷರಂತೆ ಲೀಡರ್, ಕೆಳಗೆ ಕೋ-ಲೀಡರ್, ಎಲ್ಡರ್. ಎರಡು ಕ್ಲ್ಯಾನ್‌ಗಳ ನಡುವೆ ವಾರ್ ಬಿದ್ದರೆ ಒಂದು ದಿನ ತಯಾರಿ, ಮತ್ತೊಂದು ದಿನ ಯುದ್ಧ. ಒಬ್ಬೊಬ್ಬರಿಗೆ ಎರಡೇ ದಾಳಿ. ಅದನ್ನು ಮಾಡದೆ ಬಿಟ್ಟರೆ ಇಡೀ ತಂಡ ಸೋಲಬಹುದು. ಸಿಟ್ಟಿನಲ್ಲಿ ಲೀಡರ್ ಹೊರಹಾಕುತ್ತಾನೆ.

ಜಗಳ ಇಷ್ಟಕ್ಕೇ ನಿಲ್ಲುವುದಿಲ್ಲ. ಎದುರು ಕ್ಲ್ಯಾನ್‌ನವನು ಗೂಢಚಾರನಾಗಿ ಸೇರಿದ್ದಾನೆ ಅಂತ ಅನುಮಾನ, ಸೈನ್ಯ ದಾನ ಪಡೆದು ಬೇರೆ ಕಡೆ ಜಿಗಿದ ಅಂತ ದೂರು. ಕೋ-ಲೀಡರ್ ಒಬ್ಬ ಮುನಿಸಿಕೊಂಡರೆ ಸದಸ್ಯರನ್ನೆಲ್ಲ ಹೊರದಬ್ಬಿ ಕ್ಲ್ಯಾನನ್ನೇ ಬರಿದು ಮಾಡಬಲ್ಲ. ತಂತ್ರಾಂಶದ ಮೋಸ, ಅಕೌಂಟ್ ಮಾರಾಟ ಇವು ಕಂಪನಿಯ ನಿಯಮಕ್ಕೆ ವಿರುದ್ಧ; ಅದಕ್ಕೆ ಅಕೌಂಟೇ ಬಂದ್ ಆಗಬಹುದು. ಆದರೆ ಕ್ಲ್ಯಾನ್ ಒಳಗಿನ ಕಟ್ಟಳೆ ಲೀಡರ್ ಮಾಡಿದ್ದು. ಅಲ್ಲಿ ಅವನೇ ಪೊಲೀಸ್, ಅವನೇ ಜಡ್ಜ್. ಕಿಕ್ ಮಾಡಿದ್ದು ತಪ್ಪು ಅಂತ ಕಂಪನಿ ಪಂಚಾಯ್ತಿಗೆ ಕೂರುವುದಿಲ್ಲ.

ಮುಂಡಗೋಡ ತಾಲೂಕಿನ ಚಿಗಳ್ಳಿಯ ಓಣಿಯಲ್ಲಿ ಚಿಣ್ಣಿದಾಂಡಿನ ಜಗಳವಾದರೆ ಅವ್ವ ಎದುರುಮನೆಗೆ ಹೋಗಿ “ನಿಮ್ಮ ಹುಡುಗನ್ನ ಸ್ವಲ್ಪ ಕೇಳ್ರಿ” ಅನ್ನಬಹುದು. ಇಲ್ಲಿ ಎದುರುಮನೆಯೇ ಇಲ್ಲ. ಅದೇ ಚಿಗಳ್ಳಿಯ ಹುಡುಗ, ಹುಬ್ಬಳ್ಳಿಯ ನಿಮ್ಮ ಮಗ, ಯಾವುದೋ ದೇಶದ ಲೀಡರ್, ಮೂವರೂ ಒಂದೇ ಕ್ಲ್ಯಾನ್‌ನಲ್ಲಿರಬಹುದು. ಲೀಡರ್ ಹದಿಮೂರರವನೋ, ಮೂವತ್ತರವನೋ? ಮಗನಿಗೂ ಗೊತ್ತಿರುವುದಿಲ್ಲ.

ನಿಜವಾದ ಚಿಂತೆ ಇರುವುದು ಇಲ್ಲೇ. “ವಾಪಸ್ ಸೇರಿಸ್ಕೋತೀನಿ, ದಂಡ ಕಟ್ಟು”, “ನಿನ್ನ ಪಾಸ್‌ವರ್ಡ್ ಕೊಡು, ಚೆಕ್ ಮಾಡ್ತೀನಿ”, “ಅಮ್ಮನ ಮೊಬೈಲಿಗೆ ಬಂದ ಓಟಿಪಿ ಹೇಳು” ಅಂತ ಯಾರಾದರೂ ಕೇಳಿದರೆ ಅದು ಆಟದ ನಿಯಮವಲ್ಲ, ವಂಚನೆಯ ದಾರಿ. ಹೊರಬಿದ್ದ ಅವಮಾನದಲ್ಲಿ ಮಕ್ಕಳು ಕೊಟ್ಟುಬಿಡುತ್ತಾರೆ. ಬೈಗುಳಕ್ಕೆ ಹೆದರಿ ನಿಮಗೆ ಹೇಳುವುದೂ ಇಲ್ಲ. ಅದಕ್ಕೇ ಮೊದಲ ದಿನ ಬೈಯಬೇಡಿ ಅಂದಿದ್ದು. “ಯಾವ ರೂಲ್ ಮುರಿದೆ ಅಂದರು? ಆಮೇಲೆ ಏನು ಕೇಳಿದರು?” ಅಂತ ಪಕ್ಕ ಕೂತು ಕೇಳಿ. ಚಾಟ್ ತೋರಿಸಲು ಹೇಳಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಚಾಟ್‌ನ ಸ್ಕ್ರೀನ್‌ಶಾಟ್ ಅಳಿಸಬೇಡಿ.

ದುಡ್ಡು ಕಟ್ಟಿ, ಗೆದ್ದರೆ ದುಡ್ಡು ಸಿಗುತ್ತದೆ ಅನ್ನುವ ಆನ್‌ಲೈನ್ ಆಟಗಳ ಮಾತೇ ಬೇರೆ. ಅವನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿದೆ. ಕ್ಲ್ಯಾನ್ ಆಟ ಆ ಸಾಲಿಗೆ ಸೇರಿದ್ದಲ್ಲ.

ಇನ್ನು ಊಟದ ಹೊತ್ತಿನ ರಗಳೆ. ಈ ಆಟದಲ್ಲಿ ಒಂದು ದಾಳಿ ಹೆಚ್ಚೆಂದರೆ 3 ನಿಮಿಷ. ಅರ್ಧಕ್ಕೆ ಫೋನ್ ಕಸಿಯುವ ಬದಲು ಅಷ್ಟು ಹೊತ್ತು ಕಾಯಿರಿ, ಸಾರು ಆರಿಹೋಗುವುದಿಲ್ಲ! ಆದರೆ “ಇನ್ನೂ ಅರ್ಧ ಗಂಟೆ ವಾರ್” ಅಂದರೆ ನಂಬಬೇಡಿ. ಪರೀಕ್ಷೆ ಬಂದಾಗ ‘ವಾರ್‌ಗೆ ನಾನಿಲ್ಲ’ ಅಂತ ಕೆಂಪು ಗುರುತು ಹಾಕುವ ಸೌಲಭ್ಯ ಆಟದಲ್ಲೇ ಇದೆ. ಅದನ್ನು ಹಾಕಿ, ಲೀಡರ್‌ಗೆ ಒಂದು ಸಾಲು ಬರೆದಿಡಲು ಮಗನಿಗೆ ಹೇಳಿ.