ಗಂಟು ಕಟ್ಟಲು ಕಲಿಸಿದ ಡಾಕ್ಟರು

ಆಗಸ್ಟ್ 14ರ ಸಂಜೆ ಬನಹಟ್ಟಿಯ ನಮ್ಮ ಸಾಲಿಯಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಸೇವಾದಳದ ಮಾಸ್ತರರು ಕಾಲು ತೊಳೆದು ಬಂದು, ಪಡಸಾಲೆಯಲ್ಲಿ ಜಮಖಾನೆ ಹಾಸಿ, ಧ್ವಜ ಮಡಚಲು ಕೂಡುತ್ತಿದ್ದರು. ಕೇಸರಿ ಪಟ್ಟಿ ಯಾವ ಕಡೆ ಬರಬೇಕು, ಹಸಿರು ಎಲ್ಲಿ ಅಡಗಬೇಕು, ಚೆಂಡುಹೂವಿನ ಎಸಳುಗಳನ್ನು ಯಾವ ಮಡಿಕೆಯೊಳಗೆ ಇಡಬೇಕು ಎಂಬುದಕ್ಕೆಲ್ಲ ಒಂದು ಕ್ರಮವಿತ್ತು. ಕೊನೆಗೆ ಹಗ್ಗದ ಗಂಟು. ರಾತ್ರಿಯಿಡೀ ಗಾಳಿ ಬೀಸಿದರೂ ಅದು ಸಡಿಲಾಗಬಾರದು. ಮರುದಿನ ಮುಂಜಾನೆ ಒಮ್ಮೆ ಜಗ್ಗಿದರೆ ಮಾತ್ರ ಪೂರ್ತಿ ಬಿಚ್ಚಿಕೊಳ್ಳಬೇಕು. ನಾವು ಹುಡುಗರು ಸುತ್ತ ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಹೊರಗೆ ಓಣಿ ತುಂಬ ಮಗ್ಗದ ಸದ್ದು.

ಸಾವಧಾನ್, ವಿಶ್ರಾಮ್ ಎಂಬ ಆಜ್ಞೆಗಳು ನಮಗೆ ಬಾಯಿಪಾಠವಾಗಿದ್ದವು. ಬಿಳಿ ಟೊಪ್ಪಿಗೆಯನ್ನು ಹೇಗೆ ಇಟ್ಟುಕೊಳ್ಳಬೇಕೆಂದೂ ಗೊತ್ತಿತ್ತು. ಆದರೆ ಇದನ್ನೆಲ್ಲ ಮೊದಲು ಹಾಕಿಕೊಟ್ಟವರು ಯಾರು ಎಂದು ಒಬ್ಬರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಹೆಸರು ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಜವಾಹರಲಾಲ್ ನೆಹರೂ ಅವರ ಆತ್ಮಕಥೆ ಓದುವಾಗ. ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಬಗ್ಗೆ ಬರೆಯುತ್ತ ಅವರು ಡಾಕ್ಟರರೊಬ್ಬರನ್ನು ನೆನೆಯುತ್ತಾರೆ. ನಾರಾಯಣ ಸುಬ್ಬರಾವ್ ಹರ್ಡೀಕರ, ಹುಬ್ಬಳ್ಳಿಯವರು. ನಮ್ಮ ಸಾಲಿಯ ಪಡಸಾಲೆಯಲ್ಲಿ ಕಟ್ಟುತ್ತಿದ್ದ ಆ ಗಂಟಿನ ಎಳೆ ಹಿಡಿದು ಹೊರಟರೆ ಅವರ ಮನೆ ಬಾಗಿಲಿಗೇ ಹೋಗಿ ಮುಟ್ಟುತ್ತದೆ ಎಂದು ಅವತ್ತು ತಿಳಿಯಿತು. ಅಂದಿನಿಂದ ಈ ಮನುಷ್ಯ ನನ್ನನ್ನು ಬಿಟ್ಟಿಲ್ಲ.

ಅವರ ಜೀವನದ ಎಲ್ಲ ದಾರಿಗಳೂ ಬಂದು ಕೂಡುವುದು 1923ರ ನಾಗಪುರದಲ್ಲಿ. ಆ ವರ್ಷ ಅಲ್ಲಿ ಝಂಡಾ ಸತ್ಯಾಗ್ರಹ ನಡೆದಿತ್ತು. ಆಗಿನ ಧ್ವಜ ಬೇರೆ: ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮೂರನ್ನೂ ಅಡ್ಡಹಾಯ್ದ ಚರಕ. ಅದನ್ನು ಹಿಡಿದುಕೊಂಡು ಬ್ರಿಟಿಷ್ ಅಧಿಕಾರಿಗಳು ವಾಸಿಸುವ ಸಿವಿಲ್ ಲೈನ್ಸ್ ಕಡೆ ನಡೆದು ಹೋಗುವುದು, ತಡೆದರೆ ಜೈಲಿಗೆ ಹೋಗುವುದು, ಸತ್ಯಾಗ್ರಹವೆಂದರೆ ಇಷ್ಟೇ. ಜಮನಾಲಾಲ ಬಜಾಜ ಮುಂದಾಳು. ಅವರ ಬಂಧನವಾದ ಮೇಲೆ ವಲ್ಲಭಭಾಯಿ ಪಟೇಲರು ಬಂದು ಹೊಣೆ ಹೊತ್ತರು. ದೇಶದ ಮೂಲೆಮೂಲೆಯಿಂದ ಬಂದ ಸ್ವಯಂಸೇವಕರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಜೈಲು ಸೇರಿದರು. ತಮ್ಮ ಹುಬ್ಬಳ್ಳಿ ಸೇವಾ ಮಂಡಲದ ಹುಡುಗರನ್ನು ಕಟ್ಟಿಕೊಂಡು ಹರ್ಡೀಕರರೂ ಹೋಗಿ ಬಂಧನಕ್ಕೊಳಗಾದರು.

ನಾಗಪುರದ ಸೆಂಟ್ರಲ್ ಜೈಲಿನಲ್ಲಿ ಒಂದು ಕಾಗದ ಕೈಯಿಂದ ಕೈಗೆ ದಾಟುತ್ತಿತ್ತು. ತಪ್ಪಾಯಿತು, ಇನ್ನು ಮುಂದೆ ಇಂಥದ್ದರಲ್ಲಿ ಸೇರುವುದಿಲ್ಲ ಎಂದು ಬರೆದು ಸಹಿ ಹಾಕಿದವನಿಗೆ ಬಾಗಿಲು ತೆರೆಯುತ್ತಿತ್ತು. ಜೈಲಿನ ಕಷ್ಟ ತಾಳಲಾರದೆ ಎಷ್ಟೋ ಜನ ಬರೆದುಕೊಟ್ಟರು. ನಾನು ಅವರನ್ನು ಹಳಿಯಲಾರೆ. ಸುಗ್ಗಿಯ ಹೊತ್ತಿಗೆ ಮನೆಯಲ್ಲಿ ಗಂಡಸರಿಲ್ಲದ ಒಕ್ಕಲಿಗನ, ದಿನದ ನೇಯ್ಗೆ ತಪ್ಪಿದರೆ ಒಲೆ ಉರಿಯದ ನೇಕಾರನ ಸಂಕಟ ನಮ್ಮೂರವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ. ಒಳಗೇ ಕೂತಿತು.

ಹೊರಗಿದ್ದ ಕಾಂಗ್ರೆಸ್ ನಾಯಕರ ಕಣ್ಣಿಗೆ ಬಿದ್ದದ್ದು ಇದೇ. ಅಷ್ಟೊಂದು ಜನ ಬಾಗಿದಲ್ಲಿ ಈ ಒಂದು ಗುಂಪು ಹೇಗೆ ನೆಟ್ಟಗೆ ನಿಂತಿತು? ಹರ್ಡೀಕರರ ಉತ್ತರದಲ್ಲಿ ಗುಟ್ಟೇನೂ ಇರಲಿಲ್ಲ, ಅದು ತರಬೇತಿ. ದೇಶಭಕ್ತಿ ಎಲ್ಲರಲ್ಲಿಯೂ ಇರುತ್ತದೆ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಏಳುವುದು, ಸಾಲಿನಲ್ಲಿ ನಿಲ್ಲುವುದು, ಒಬ್ಬನ ಮಾತಿಗೆ ಹತ್ತು ಮಂದಿ ಒಟ್ಟಿಗೆ ಹೆಜ್ಜೆ ಹಾಕುವುದು, ಹಸಿವು ತಡೆಯುವುದು, ಇವುಗಳನ್ನು ಮಾತ್ರ ಮೈಗೆ ಕಲಿಸಬೇಕು. ನನಗೆ ಇಲ್ಲಿ ಒಬ್ಬ ವೈದ್ಯ ಕಾಣುತ್ತಾನೆ. ಮನಸ್ಸಿನ ಧೈರ್ಯಕ್ಕೂ ಮೈಯ ಕಸುವಿಗೂ ಇರುವ ನಂಟನ್ನು ಬರಿಯ ಭಾಷಣಕಾರ ಅಷ್ಟು ಚೆನ್ನಾಗಿ ಬಲ್ಲವನಲ್ಲ.

ವೈದ್ಯರಂತೂ ಅವರು ಹೌದು. 1889ರ ಮೇ 7ರಂದು ಧಾರವಾಡದಲ್ಲಿ ಹುಟ್ಟಿ, ಕಲಕತ್ತೆಯ ಕಾಲೇಜ್ ಆಫ್ ಫಿಜಿಷಿಯನ್ಸ್ ಅಂಡ್ ಸರ್ಜನ್ಸ್‌ನಲ್ಲಿ ಔಷಧ ವಿದ್ಯೆಯನ್ನೂ ಶಸ್ತ್ರವೈದ್ಯವನ್ನೂ ಕಲಿತರು. ಅಲ್ಲಿಂದ ಅಮೆರಿಕಕ್ಕೆ ಹೋಗಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಎಂ.ಎಸ್ಸಿ. ಪಡೆದರು. ಆ ಕಾಲಕ್ಕೆ ಅಷ್ಟು ಓದಿದವರು ಹುಬ್ಬಳ್ಳಿಯಲ್ಲೋ ಮುಂಬಯಿಯಲ್ಲೋ ದವಾಖಾನೆ ಹಾಕಿದ್ದರೆ ಮೂರು ತಲೆಮಾರು ಕೂತು ಉಣ್ಣಬಹುದಿತ್ತು. ಅಮೆರಿಕದಲ್ಲಿ ಅವರಿಗೆ ಲಾಲಾ ಲಜಪತರಾಯ್ ಸಿಕ್ಕರು. 1917ರಲ್ಲಿ ನ್ಯೂಯಾರ್ಕಿನಲ್ಲಿ ಲಾಲಾಜಿ ಇಂಡಿಯಾ ಹೋಮ್ ರೂಲ್ ಲೀಗ್ ಕಟ್ಟಿದಾಗ ಹರ್ಡೀಕರರು ಅವರ ಬಲಗೈಯಾಗಿ ನಿಂತರು. 1918ರ ಜನವರಿಯಲ್ಲಿ ಲೀಗಿನ ಮಾಸಪತ್ರಿಕೆ ‘ಯಂಗ್ ಇಂಡಿಯಾ’ ಹೊರಬಂತು. ಪತ್ರಿಕೆಯ ಕೆಲಸ, ಊರೂರು ತಿರುಗಿ ಭಾಷಣ, ಸದಸ್ಯರನ್ನು ಸೇರಿಸುವುದು, ಇದರಲ್ಲೇ ವೈದ್ಯವೃತ್ತಿ ಹಿಂದೆ ಸರಿಯಿತು. 1921ರಲ್ಲಿ ಊರಿಗೆ ಮರಳುವ ಹೊತ್ತಿಗೆ ಅವರು ರಾಜಕಾರಣಿಯಾಗಿಬಿಟ್ಟಿದ್ದರು.

ನಾಗಪುರದಿಂದ ಹೊರಬಂದ ಕೆಲವೇ ತಿಂಗಳಲ್ಲಿ ಕಾಕಿನಾಡ. 1923ರ ಡಿಸೆಂಬರಿನ ಕೊನೆಯ ವಾರ, ಮೌಲಾನಾ ಮಹಮ್ಮದ್ ಅಲಿ ಅಧ್ಯಕ್ಷತೆ. ದೇಶಕ್ಕೆಲ್ಲ ಒಂದೇ ತರಬೇತಾದ ಸ್ವಯಂಸೇವಕ ದಳ ಬೇಕು ಎಂಬ ವಿಚಾರವನ್ನು ಹರ್ಡೀಕರರು ಅಲ್ಲಿಗೆ ಒಯ್ದರು. ಸ್ವಯಂಸೇವಕರ ಪರಿಷತ್ತಿಗೆ ಮೂವತ್ತನಾಲ್ಕರ ಹರೆಯದ ನೆಹರೂ ಅಧ್ಯಕ್ಷರು. ಹಿಂದುಸ್ತಾನಿ ಸೇವಾದಳ ಹುಟ್ಟಿದ್ದು ಇಲ್ಲಿ.

ಜಗಳ ಹುಟ್ಟಿದ್ದೂ ಇಲ್ಲೇ. ಕಾಂಗ್ರೆಸ್ಸಿನ ಹಿರಿಯರು ಅನೇಕರಿಗೆ ಈ ಕವಾಯತು ಹಿಡಿಸಲಿಲ್ಲ. ಸಮವಸ್ತ್ರ, ಹೆಜ್ಜೆಗೆ ಹೆಜ್ಜೆ, ಆಜ್ಞೆ, ಇದೆಲ್ಲ ಸೈನ್ಯದ ರೀತಿ, ಇಂದು ನಮ್ಮ ಮಾತು ಕೇಳುವ ದಳ ನಾಳೆ ನಮ್ಮ ತಲೆಯ ಮೇಲೇ ಕೂತರೆ ಏನು ಗತಿ ಎಂಬ ಅಂಜಿಕೆ ಒಂದು ಕಡೆ. ಮೇಲಿನವರು ಹೇಳಿದ್ದನ್ನು ಕೇಳಿದರೆ ಸಾಕು, ಕಾಲು ಕೂಡಿಸಿ ನಡೆಯುವುದು ಯಾತಕ್ಕೆ ಎನ್ನುವವರು ಇನ್ನೊಂದು ಕಡೆ. ಎಲ್ಲಕ್ಕಿಂತ ಆಳದ ಆಕ್ಷೇಪ ಅಹಿಂಸೆಯದು. ಕವಾಯತು ಕಲಿತವನ ಕೈಗೆ ನಾಳೆ ಕೋಲು ಬರದೇ ಇದ್ದೀತೇ? ನೆಹರೂ ಈ ವಾದಗಳನ್ನೆಲ್ಲ ಬರೆದಿಟ್ಟಿದ್ದಾರೆ. ತರಬೇತಾದ ಸ್ವಯಂಸೇವಕ ಹೆಚ್ಚು ಉಪಯುಕ್ತನಷ್ಟೇ ಅಲ್ಲ, ಹೆಚ್ಚು ಅಹಿಂಸಾವಂತನೂ ಆಗಬಲ್ಲ ಎಂಬುದನ್ನು ಹರ್ಡೀಕರರು ವರ್ಷಗಳ ತಾಳ್ಮೆಯ ದುಡಿಮೆಯಿಂದ ತೋರಿಸಿಕೊಟ್ಟರೆಂದೂ ಸೇರಿಸಿದ್ದಾರೆ.

ಆಕ್ಷೇಪಿಸಿದವರನ್ನು ಸಣ್ಣವರೆಂದು ತಳ್ಳಿಹಾಕುವಂತಿಲ್ಲ. ಸಮವಸ್ತ್ರದ ಯುವಕರ ದಂಡುಗಳು ಆಗಿನ ಯುರೋಪಿನಲ್ಲಿ ಏನು ಮಾಡಲು ಹೊರಟಿದ್ದವು ಎಂಬುದನ್ನು ಜಗತ್ತು ನೋಡುತ್ತಿತ್ತು; ಮುಸೊಲಿನಿ ಅಧಿಕಾರ ಹಿಡಿದು ವರ್ಷವೊಂದು ಕಳೆದಿತ್ತಷ್ಟೆ. ಹಾಗಿದ್ದೂ ನನ್ನ ಮನಸ್ಸು ಡಾಕ್ಟರರ ಕಡೆಗೇ ವಾಲುತ್ತದೆ. ಲಾಠಿ ಬೀಳುವಾಗ ಕೈಯೆತ್ತದೆ ನಿಲ್ಲುವುದು ತಾನಾಗಿ ಬರುವ ಗುಣವಲ್ಲ, ಅದನ್ನು ಕಲಿಯಬೇಕಾಗುತ್ತದೆ. ನಾಗಪುರದ ಜೈಲು ಅದನ್ನು ಆಗಲೇ ತೋರಿಸಿತ್ತು.

ಮರುವರ್ಷವೇ ಪರೀಕ್ಷೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ, ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಟಿಳಕವಾಡಿಯ ಬಯಲಲ್ಲಿ ‘ವಿಜಯನಗರ’ ಎಂಬ ಊರೇ ಎದ್ದಿತು, ನೀರಿಗೆ ಬಾವಿ ತೋಡಿದರು. ಅಷ್ಟು ಜನರ ಊಟ, ಶೌಚ, ಸಾಲು, ಕಾವಲುಗಳನ್ನು ಹೊತ್ತವರು ಸ್ವಯಂಸೇವಕರು. ಸಾರ್ವಜನಿಕ ಆರೋಗ್ಯ ಓದಿದ ಡಾಕ್ಟರರಿಗೆ ಇದಕ್ಕಿಂತ ದೊಡ್ಡ ವಾರ್ಡು ಯಾವ ಆಸ್ಪತ್ರೆಯಲ್ಲಿ ಸಿಕ್ಕೀತು! ಹೆಣ್ಣುಮಕ್ಕಳ ದಳವನ್ನು ಉಮಾಬಾಯಿ ಕುಂದಾಪುರ ಕಟ್ಟಿದರು. ಹಿಂದಿನ ವರ್ಷವಷ್ಟೇ ಗಂಡನನ್ನು ಕಳೆದುಕೊಂಡಿದ್ದ ಆಕೆ ಊರೂರು ಅಲೆದು 150ಕ್ಕೂ ಹೆಚ್ಚು ಹೆಂಗಸರನ್ನು ಕೂಡಿಸಿ ಬೆಳಗಾವಿಗೆ ಕರೆತಂದರು. ವಿಧವೆ ಹೊಸ್ತಿಲು ದಾಟುವುದೇ ಕಷ್ಟವಿದ್ದ ಕಾಲವದು. ಈ ಒಂದು ಸಂಗತಿಗೇ ಪ್ರತ್ಯೇಕ ಲೇಖನ ಬೇಕು.

ಆ ಹೊತ್ತಿನಲ್ಲಿ ನಮ್ಮ ಕಡೆ ಹೇಗಿತ್ತು ಎಂದು ನಕಾಶೆ ಹರಡಿಕೊಂಡು ನೋಡುತ್ತೇನೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬನಹಟ್ಟಿ ಜಮಖಂಡಿಗೆ ಸೇರಿದರೆ, ಕೂಗಳತೆಯ ರಬಕವಿ ಸಾಂಗಲಿ ಸಂಸ್ಥಾನಕ್ಕೆ. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ. ಇಂದು ಒಂದೇ ನಗರಸಭೆಯಾಗಿರುವ ರಬಕವಿ, ಬನಹಟ್ಟಿಗಳ ನೇಕಾರರು ಅಂದು ಇಬ್ಬರು ಅರಸರ ಪ್ರಜೆಗಳು. ಹುಬ್ಬಳ್ಳಿಯ ದಳ ತಿಂಗಳ ಕೊನೆಯ ರವಿವಾರ ಬೆಳಿಗ್ಗೆ ಎಂಟಕ್ಕೆ ಎಲ್ಲೆಡೆಯೂ ಧ್ವಜವಂದನೆ ಆಗಬೇಕೆಂಬ ರೂಢಿ ಹಾಕಿತು. ಒಂದೇ ದಿನ, ಒಂದೇ ಗಳಿಗೆ, ಒಂದೇ ಬಾವುಟ. ಇಷ್ಟು ಚೂರುಚೂರಾಗಿದ್ದ ಸೀಮೆಯಲ್ಲಿ ಅದರ ಅರ್ಥ ಎಷ್ಟು ದೊಡ್ಡದಿರಬೇಕು.

ಮುಂದಿನದನ್ನು ಬೇಗ ಹೇಳುತ್ತೇನೆ. 1931ರಲ್ಲಿ ಕಾಂಗ್ರೆಸ್ ಸೇವಾದಳವನ್ನು ತನ್ನ ಅಧಿಕೃತ ಅಂಗ ಮಾಡಿಕೊಂಡಿತು. 1932ರಲ್ಲಿ ಸರ್ಕಾರ ಎರಡನ್ನೂ ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದಾಗಲೂ ಸೇವಾದಳದ ಮೇಲಿನದನ್ನು ತೆಗೆಯಲಿಲ್ಲ. ಭಾಷಣ ಮಾಡುವವರಿಗಿಂತ ಸಾಲುಗಟ್ಟಿ ನಿಲ್ಲುವವರನ್ನು ಕಂಡರೆ ಬ್ರಿಟಿಷರಿಗೆ ಹೆಚ್ಚು ಅಂಜಿಕೆ ಇತ್ತೆಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಸ್ವಾತಂತ್ರ್ಯ ಬಂದ ಮೇಲೆ ಹರ್ಡೀಕರರು 1952ರಿಂದ 1962ರ ತನಕ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ಪಕ್ಷರಾಜಕಾರಣದಿಂದ ಹೊರಗಿದ್ದು ಸಾಲಿ ಮಕ್ಕಳಿಗೆ ಶಿಸ್ತು ಕಲಿಸುವ ಭಾರತ ಸೇವಾದಳ ಅವರ ಕೈಯಿಂದಲೇ ಬಂದದ್ದು. ನಮ್ಮ ಮಾಸ್ತರರು ತೊಡುತ್ತಿದ್ದುದು ಅದರ ಟೊಪ್ಪಿಗೆ.

ಅವರೊಳಗಿನ ವೈದ್ಯ ಸತ್ತಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ ನಮ್ಮ ಹೊಳೆಯ ಮೇಲ್ದಂಡೆಯಲ್ಲೇ ಇದೆ. ಮುಧೋಳವನ್ನು ತೊಳೆದುಕೊಂಡು ಹೋಗುವ ಘಟಪ್ರಭೆಯ ಗುಂಟ ಗೋಕಾಕದ ಕಡೆ ಹೋದರೆ, ಹೊಳೆಯದೇ ಹೆಸರಿನ ಊರಲ್ಲಿ ಕರ್ನಾಟಕ ಆರೋಗ್ಯಧಾಮ ಸಿಗುತ್ತದೆ. 1929ರಲ್ಲಿ ಡಾ. ಕೊಕಟನೂರ ಮೊದಲಾದವರೊಂದಿಗೆ ಸೇರಿ ಹರ್ಡೀಕರರು ಕಟ್ಟಿದ ಸಂಸ್ಥೆ ಅದು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ‘ಘಟಪ್ರಭಾಕ್ಕ ಹೋಗಿ ಬಾ’ ಎಂದರೆ ದವಾಖಾನೆಗೆ ಹೋಗು ಎಂದೇ ಅರ್ಥ. ಹೋಗಿ ಬಂದವರಲ್ಲಿ ಎಷ್ಟು ಮಂದಿಗೆ ಡಾಕ್ಟರರ ಹೆಸರು ಗೊತ್ತು?

1975ರ ಆಗಸ್ಟ್ 26ರಂದು ಅವರು ತೀರಿಕೊಂಡರು. ಹುಟ್ಟಿ ನೂರು ವರ್ಷವಾದ 1989ರಲ್ಲಿ ಅಂಚೆ ಇಲಾಖೆ ಅವರ ಚೀಟಿ ಹೊರಡಿಸಿತು. ಅದೇ 1889ರಲ್ಲಿ ಹುಟ್ಟಿ, ಅದೇ ಕಲಕತ್ತೆಯಲ್ಲಿ ವೈದ್ಯ ಕಲಿತ ಕೇಶವ ಬಲಿರಾಮ ಹೆಡಗೇವಾರರು 1925ರಲ್ಲಿ ನಾಗಪುರದಲ್ಲಿ ಕಟ್ಟಿದ ಸಂಘದ ಹೆಸರು ಇಂದು ದೇಶಕ್ಕೆಲ್ಲ ಗೊತ್ತು. ಎರಡು ವರ್ಷ ಮೊದಲು ದಳ ಕಟ್ಟಿದ ಡಾಕ್ಟರರ ಹೆಸರು ಅವರ ಸ್ವಂತ ಸೀಮೆಯಲ್ಲೇ ಅಳಿಸುತ್ತಿದೆ. ನನಗೆ ಸಿಟ್ಟು ಬರುವುದು ಇಲ್ಲಿ. ಅವರು ಬೆಳೆಸಿದ ಪಕ್ಷವೂ ಅವರನ್ನು ಮರೆಯಿತು, ಅವರ ಊರುಗಳೂ ಮರೆತವು.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ರಾಷ್ಟ್ರಧ್ವಜದ ಖಾದಿ ಬಟ್ಟೆ ಬರುವುದು ನಮ್ಮ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಊರಿನ ಹೆಣ್ಣುಮಕ್ಕಳ ಮಗ್ಗದಿಂದ. ಹೊಲಿದು, ಅಚ್ಚೊತ್ತಿ, ಸಿದ್ಧವಾಗುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಹರ್ಡೀಕರರ ಊರಲ್ಲೇ. 2021ರ ಡಿಸೆಂಬರಿನಲ್ಲಿ ನಿಯಮ ಬದಲಾಗಿ, ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಅದನ್ನು ಓದಿದ ದಿನ ಊಟ ಸೇರಲಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಮಾಸ್ತರರನ್ನು ಕಂಡೆ. ನಿವೃತ್ತರಾಗಿ ಬಹಳ ವರ್ಷವಾಗಿದೆ, ಕಣ್ಣು ಮಂಜಾಗಿದೆ.

“ಸರ, ಹರ್ಡೀಕರ ಡಾಕ್ಟರ ಹೆಸರ ನಮಗ ಯಾಕ ಹೇಳಲಿಲ್ರಿ?” ಎಂದೆ.

“ನಮಗೂ ತರಬೇತಿ ಒಳಗ ಒಂದ ಸಲ ಹೇಳಿದ್ರಪಾ. ನಾವು ಗಂಟ ಕಲಿಯೂದರಾಗ ಇದ್ವಿ, ಹೆಸರ ಮರತ್ವಿ” ಎಂದರು. ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು, ತೊಡೆಯ ಮೇಲೆ ಹರವಿ, ಮಡಚತೊಡಗಿದರು. ಮೊಮ್ಮಗಳು ನೂಲಿನ ಹುರಿ ತಂದುಕೊಟ್ಟಳು. ಕಟ್ಟಿ ಮುಗಿಸಿ, ತುದಿಯನ್ನು ನನ್ನ ಕೈಗೆ ಕೊಟ್ಟು, “ಜಗ್ಗ ತಮ್ಮಾ” ಎಂದರು.

ಜಗ್ಗಿದೆ. ಬಿಚ್ಚಲಿಲ್ಲ.

“ಕಡೀ ಸುತ್ತ ತಪ್ಪೇತಿ, ಕೊಡ ಇಲ್ಲೆ” ಎಂದು ಟವೆಲ್ ವಾಪಸು ತೆಗೆದುಕೊಂಡು, ಮೊಮ್ಮಗಳನ್ನು ಹತ್ತಿರ ಕೂಡಿಸಿಕೊಂಡು, ಮೊದಲಿನಿಂದ ಕಟ್ಟತೊಡಗಿದರು.