ಲಾವಾಕ್ಕೊಂದು ಮನೆ ಕಟ್ಟುವುದಾದರೆ

ದೋಹಾ ಮೆಟ್ರೋದ ಗೋಲ್ಡ್ ಲೈನ್‌ಗೆ ಪಶ್ಚಿಮದ ಕೊನೆಯ ನಿಲ್ದಾಣ ಅಲ್ ಅಜೀಜಿಯಾ. ಅಲ್ಲಿ ಹತ್ತಿದವರು ಗಾಡಿ ಬದಲಿಸದೆ ನೇರವಾಗಿ ನ್ಯಾಷನಲ್ ಮ್ಯೂಸಿಯಂ ನಿಲ್ದಾಣದಲ್ಲಿ ಇಳಿಯಬಹುದು. ಉಡುಪಿ, ಮಂಗಳೂರು ಕಡೆಯಿಂದ ಕತಾರಿಗೆ ದುಡಿಯಲು ಹೋದ ಕುಟುಂಬಗಳಿಗೆ ರಜೆಯ ದಿನ ಮಕ್ಕಳೊಂದಿಗೆ ಹೋಗಿಬರಲು ಇದೊಂದು ಸುಲಭದ ಜಾಗ. ಫ್ರೆಂಚ್ ವಾಸ್ತುಶಿಲ್ಪಿ ಜಾನ್ ನುವೆಲ್ ವಿನ್ಯಾಸ ಮಾಡಿದ ಕತಾರ್ ರಾಷ್ಟ್ರೀಯ ವಸ್ತುಸಂಗ್ರಹಾಲಯ 2019ರ ಮಾರ್ಚ್ 28ರಂದು ತೆರೆಯಿತು. ಒಂದು ನಾಡಿನ ನೆಲವೇ ಕಟ್ಟಡವಾಗಬಹುದು ಎಂಬುದಕ್ಕೆ ಇಷ್ಟು ದೊಡ್ಡ ಉದಾಹರಣೆ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಸಿಗದು. ಕತಾರಿನ ನೆಲ ಸುಣ್ಣಕಲ್ಲಿನ ಬಯಲು, ಅಲ್ಲಿ ಅಗ್ನಿಪರ್ವತದ ಸುಳಿವಿಲ್ಲ. ಅಗ್ನಿಪರ್ವತದ ಕಲ್ಲು ಇರುವುದು ನಮ್ಮ ಕರ್ನಾಟಕದಲ್ಲಿ. ನಮ್ಮ ಲಾವಾಕ್ಕೆ ಒಂದು ವಸ್ತುಸಂಗ್ರಹಾಲಯ ಕಟ್ಟುವುದಾದರೆ ದೋಹಾದಿಂದ ಕಲಿಯಬೇಕಾದದ್ದು ಒಂದೇ: ಕಲ್ಲು ನೋಡಲು ಹೇಗಿದೆ ಎಂಬುದಕ್ಕಿಂತ ಅದು ಹಾಗೆ ಆದದ್ದು ಹೇಗೆ ಎಂಬುದರಿಂದ ವಿನ್ಯಾಸ ಹುಟ್ಟಬೇಕು.

ನುವೆಲ್ ಆರಿಸಿಕೊಂಡದ್ದು ‘ಮರುಭೂಮಿ ಗುಲಾಬಿ’ಯನ್ನು. ಇದು ಹೂವಲ್ಲ, ಜಿಪ್ಸಮ್ ಹರಳುಗಳ ಗೊಂಚಲು. ಸಬ್ಖಾ ಎಂದು ಕರೆಯುವ ಉಪ್ಪುನೆಲದಲ್ಲಿ, ಮೇಲ್ಮೈಯಿಂದ ತುಸು ಕೆಳಗೆ, ಉಪ್ಪುನೀರು ಬಿಸಿಲಿಗೆ ಆವಿಯಾಗುತ್ತಾ ಹೋದಂತೆ ಜಿಪ್ಸಮ್ ಹರಳುಗಟ್ಟುತ್ತದೆ. ಬೆಳೆಯುವಾಗ ಸುತ್ತಲಿನ ಮರಳಿನ ಕಣಗಳನ್ನೂ ಒಳಗೆ ಸೇರಿಸಿಕೊಳ್ಳುವುದರಿಂದ ಅದಕ್ಕೆ ಮರಳಿನದೇ ಬಣ್ಣ. ಒಂದು ದಳ ಇನ್ನೊಂದನ್ನು ಅಡ್ಡ ಹಾಯ್ದು ಬೆಳೆಯುತ್ತದೆ, ನಡುನಡುವೆ ಸಂದುಗಳು ಉಳಿಯುತ್ತವೆ. ಕಟ್ಟಡವೂ ಹೀಗೆಯೇ ಇದೆ. ಒಟ್ಟು 539 ತಟ್ಟೆಗಳು, ಚಿಕ್ಕದರ ವ್ಯಾಸ 14 ಮೀಟರ್, ದೊಡ್ಡದರದು 87 ಮೀಟರ್. ಉಕ್ಕಿನ ಹಂದರದ ಮೇಲೆ ಗಾಜಿನ ನಾರು ಬೆರೆಸಿದ ಕಾಂಕ್ರೀಟಿನ ಸುಮಾರು 76,000 ಹಲಗೆಗಳನ್ನು ಹೊದಿಸಿದ್ದಾರೆ. ತಟ್ಟೆಗಳು ಒಂದನ್ನೊಂದು ಹಾಯುವಲ್ಲಿ ಉಳಿದ ಸಂದುಗಳೇ ಒಳಗಿನ ಕೋಣೆಗಳು. ಹೊರಚಾಚಿದ ಅಂಚುಗಳು ಗೋಡೆಗೂ ಅಂಗಳಕ್ಕೂ ನೆರಳು ಕೊಡುತ್ತವೆ, ಗಾಜು ಆ ನೆರಳಿನ ಒಳಗೆ ಹಿಂದೆ ಸರಿದು ಕೂತಿದೆ. ಬಿಸಿಲು ಹುಟ್ಟಿಸಿದ ಹರಳಿನ ಆಕಾರವೇ ಇಲ್ಲಿ ಬಿಸಿಲನ್ನು ತಡೆಯುವ ಕೆಲಸಕ್ಕೂ ಬಂದಿದೆ. ಇಪ್ಪತ್ತನೆಯ ಶತಮಾನದ ಆರಂಭದ ಶೇಖ್ ಅಬ್ದುಲ್ಲಾ ಬಿನ್ ಜಾಸಿಂ ಅಲ್ ಥಾನಿ ಅವರ ಅರಮನೆಯನ್ನು ಕೆಡವದೆ, ಈ ತಟ್ಟೆಗಳು ಅದನ್ನು ತೋಳಿನಲ್ಲಿ ಬಳಸಿಕೊಂಡಿರುವುದು ನನಗೆ ಇಡೀ ವಿನ್ಯಾಸದಲ್ಲಿ ಹೆಚ್ಚು ಹಿಡಿಸುವ ಸಂಗತಿ.

ಇದೆಲ್ಲ ಬರೀ ಆಡಂಬರ, ಕಲ್ಲನ್ನು ದೊಡ್ಡದು ಮಾಡಿ ನಿಲ್ಲಿಸಿದರೆ ವಾಸ್ತುಶಿಲ್ಪವಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ವಾಲಿದ ಗೋಡೆಗೆ ಚಿತ್ರ ತೂಗುಹಾಕಲಾಗದು, ಕಪಾಟು ಒರಗಿಸಿ ಇಡಲಾಗದು. ಆದರೆ ಅಲ್ಲಿನವರು ಅದೇ ಗೋಡೆಗಳ ಮೇಲೆ ಬೃಹತ್ ಚಲನಚಿತ್ರಗಳನ್ನು ಮೂಡಿಸಿ, ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ನಡಿಗೆಯನ್ನು ನಾಡಿನ ಚರಿತ್ರೆಯಾಗಿಸಿದ್ದಾರೆ. ಹೊರಗಿನ ಆಕಾರ ಒಳಗೆ ಮತ್ತು ಹವೆಗೆ ಏನಾದರೂ ಕೆಲಸ ಮಾಡುತ್ತಿದ್ದರೆ ಅದನ್ನು ಅನುಕರಣೆ ಎಂದು ತಳ್ಳಿಹಾಕಲಾಗದು. ಏನೂ ಮಾಡದಿದ್ದರೆ ಅದು ಜಾತ್ರೆಯ ಮಂಟಪ.

ಅಗ್ನಿಪರ್ವತದ ನೆಲದಲ್ಲಿ ಈ ಪರೀಕ್ಷೆಯನ್ನು ಎದುರಿಸಿದ ಕಟ್ಟಡಗಳು ಬೇರೆಡೆ ಇವೆ. ಸ್ಪೇನಿಗೆ ಸೇರಿದ ಲಾನ್ಸರೋಟೆ ದ್ವೀಪದಲ್ಲಿ ಕಲಾವಿದ ಸೆಸಾರ್ ಮಾನ್ರಿಕೆ ತನ್ನ ಮನೆಯನ್ನು ಲಾವಾ ಹಾಸಿನ ಮೇಲೆಯೇ ಕಟ್ಟಿದ. ಹರಿದ ಲಾವಾದೊಳಗೆ ಅನಿಲ ಸಿಕ್ಕಿ ಉಳಿದ ಐದು ಗುಳ್ಳೆಗಳನ್ನು ನೆಲದಡಿಯ ಕೋಣೆಗಳನ್ನಾಗಿ ಮಾಡಿಕೊಂಡ. 1992ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ. ಫ್ರಾನ್ಸಿನ ಓವರ್ನ್ ಪ್ರಾಂತದಲ್ಲಿ ಹಾನ್ಸ್ ಹೊಲೈನ್ ವಿನ್ಯಾಸದ ವುಲ್ಕಾನಿಯಾ 2002ರಲ್ಲಿ ಆರಂಭವಾಯಿತು. ದೂರದಿಂದ ಕಾಣುವುದು ಸೀಳಿದ ಶಂಕುವಿನಂಥ ಗೋಪುರ, ಮೇಲ್ನೋಟಕ್ಕೆ ಅನುಕರಣೆಯೇ. ಆದರೆ ಕಟ್ಟಡದ ಹೆಚ್ಚಿನ ಭಾಗ ನೆಲದೊಳಗಿದೆ. ನೋಡುಗ ಕಪ್ಪು ಕಲ್ಲಿನ ಪಾತಾಳಕ್ಕೆ ಇಳಿಯುತ್ತಾನೆ, ಶಿಲೆ ಬಂದ ದಾರಿಯನ್ನು ಹಿಮ್ಮುಖವಾಗಿ ನಡೆಯುತ್ತಾನೆ. ಇವೆರಡರಲ್ಲಿ ನನ್ನ ಮತ ಮಾನ್ರಿಕೆಗೆ. ಆತ ಲಾವಾ ಮಾಡಿಟ್ಟ ಜಾಗವನ್ನೇ ಬಳಸಿದ, ಹೊಸದಾಗಿ ಗುಡ್ಡ ಮಾಡಲು ಹೋಗಲಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕರ್ನಾಟಕದಲ್ಲಿ ಗುರುತಿಸಿದ ನಾಲ್ಕು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದು ಲಾಲ್‌ಬಾಗಿನ ಬಂಡೆ. ಉಳಿದ ಮೂರೂ ಅಗ್ನಿಪರ್ವತಗಳ ಕೊಡುಗೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು. ಇವನ್ನು ಬಸಾಲ್ಟ್ ಎಂದೇ ಅನೇಕರು ಬರೆಯುತ್ತಾರೆ. ರಾಸಾಯನಿಕವಾಗಿ ಇವು ರಯೋಲೈಟ್ ಮತ್ತು ಡೇಸೈಟ್ ಜಾತಿಯವು, ವಿಜಯಪುರದ ಗೋಲಗುಮ್ಮಟಕ್ಕೆ ಕಲ್ಲು ಕೊಟ್ಟ ದಖನ್ ಲಾವಾಕ್ಕಿಂತ ಹಳೆಯವು. ಕರಗಿದ ಶಿಲೆ ತಣಿಯುವಾಗ ಕುಗ್ಗುತ್ತದೆ, ಬೇಸಿಗೆಯ ಕೆರೆಯಂಗಳದ ಕೆಸರಿನಂತೆ ಬಿರುಕು ಬಿಡುತ್ತದೆ. ತಣಿವು ಒಳಗಿಳಿದಂತೆ ಬಿರುಕೂ ಇಳಿದು ಐದು, ಆರು, ಏಳು ಮುಖದ ಕಂಬಗಳಾಗುತ್ತವೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾ ಇನ್ನೂ ಬೆರಗಿನದು. ಲಾವಾ ನೀರಿನಡಿಯಲ್ಲಿ ಉಕ್ಕಿದಾಗ ಹೊರಪದರ ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಒಳಗಿನ ಒತ್ತಡಕ್ಕೆ ಅದು ಒಡೆದು ಪಕ್ಕದಲ್ಲಿ ಇನ್ನೊಂದು ಉಬ್ಬು ಮೂಡುತ್ತದೆ. ಮಳೆಗಾಗಿ ಆಕಾಶ ನೋಡುವ ಆ ಸೀಮೆ ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿಯಲ್ಲಿತ್ತು ಎಂಬುದಕ್ಕೆ ಈ ದಿಂಬುಗಳೇ ಸಾಕ್ಷಿ. ಮೂರನೆಯದು ಕೋಲಾರದ ಪೆದ್ದಪಳ್ಳಿಯಲ್ಲಿದೆ, ಅಗ್ನಿಪರ್ವತ ಸಿಡಿದು ಚೆಲ್ಲಿದ ಚೂರುಗಳು ಬೆಸೆದುಕೊಂಡ ಶಿಲೆ.

ಮಲ್ಪೆಯಲ್ಲಿ ವಸ್ತುಸಂಗ್ರಹಾಲಯ ಕಟ್ಟುತ್ತೇವೆಂದರೆ ಮೊದಲು ಹೊಳೆಯುವುದು ಬಾಗಿಲಿಗೆ ಸಿಮೆಂಟಿನ ಷಟ್ಕೋನದ ಕಂಬ ನಿಲ್ಲಿಸುವ ಯೋಚನೆ. ಅದು ಬೇಡ. ಕಂಬಗಲ್ಲಿನ ತಿರುಳು ಬಿರುಕಿನಲ್ಲಿದೆ. ಹೊರಗಿನಿಂದ ಒಳಗೆ ತಂಪಾಗುತ್ತಾ ಹೋಗುವ ಕೋಣೆಗಳ ಸಾಲು, ಕೋಣೆಗಳ ನಡುವಿನ ಸಂದಿನಲ್ಲೇ ಬೆಳಕು, ಆ ಸಂದುಗಳಲ್ಲೇ ಕರಾವಳಿಯ ಮಳೆನೀರು ಹರಿದುಹೋಗುವ ದಾರಿ: ಕಲ್ಲು ಕಲಿಸುವುದು ಇದನ್ನು. ಅದು ದ್ವೀಪದ ಮೇಲಂತೂ ಬರಬಾರದು. ಸ್ಥಳವೇ ವಸ್ತುಸಂಗ್ರಹಾಲಯವಾಗಿರುವಾಗ ಕಟ್ಟಡ ಏಕೆ ಎನ್ನುವವರ ಮಾತು ದ್ವೀಪದ ಮಟ್ಟಿಗೆ ಸರಿ. ಆದರೆ ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಹೋದ ದಿನಗಳಲ್ಲೂ ಜನ ಕಲ್ಲಿನ ಮೇಲೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಕತೆ ಹೇಳುವ ಮನೆ ದಡದಲ್ಲಿರಬೇಕು.

ಕತಾರಿಗೆ ಅನಿಲದ ಹಣವಿದೆ, ನಮಗೆಲ್ಲಿದೆ ಎಂಬುದು ಇನ್ನೊಂದು ಆಕ್ಷೇಪ. 539 ತಟ್ಟೆಗಳ ಹಣ ನಮಗೆ ಬೇಕಿಲ್ಲ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯ ಅದಿರು ಹುದುಗಿದ್ದದ್ದೂ ಲಾವಾ ಮಾರ್ಪಟ್ಟು ಆದ ಶಿಲೆಗಳಲ್ಲೇ. ಅಲ್ಲಿನ ಹಳೆಯ ಕಟ್ಟಡಗಳನ್ನೇ ದುರಸ್ತಿ ಮಾಡಿ ಬಳಸಿದರೆ ಕಲ್ಲಿನ ಚರಿತ್ರೆಯೂ ಅದನ್ನು ಕೊರೆದ ಕಾರ್ಮಿಕರ ಚರಿತ್ರೆಯೂ ಒಂದೇ ಸೂರಿನಡಿ ಬರುತ್ತವೆ. ಕೈಬಿಟ್ಟ ಕ್ವಾರಿಯೊಂದರ ಕಡಿದ ಮುಖಕ್ಕೆ ಸೂರು ಹಾಕಿದರೂ ಅದು ಪ್ರದರ್ಶನದ ಗೋಡೆಯೇ. ಪ್ರವಾಸೋದ್ಯಮ ಇಲಾಖೆಯಲ್ಲಿ, ವಾಸ್ತುಶಿಲ್ಪ ಕಾಲೇಜುಗಳಲ್ಲಿ ಇರುವವರಲ್ಲಿ ಕೇಳಿಕೊಳ್ಳುವುದಿಷ್ಟೆ: ಇಂಥದ್ದಕ್ಕೆ ಮೊದಲ ನಕ್ಷೆಯ ಗೆರೆ ಎಳೆಯುವ ಮುನ್ನ ಒಬ್ಬ ಭೂವಿಜ್ಞಾನಿಯನ್ನು ಜೊತೆಗೆ ಕರೆದುಕೊಂಡು ಮರಡಿಹಳ್ಳಿಗೆ ಹೋಗಿ ಬನ್ನಿ.