ಮೀನಿನ ಹೊತ್ತಿಗೆ ಏಳುವ ಊರು

ಕಿಯೊಜಾಕ್ಕೆ ಸೋಮವಾರ ಹೋಗಬಾರದು. ಅವತ್ತು ಅಲ್ಲಿನ ಮೀನುಪೇಟೆಗೆ ರಜೆ. ಪೇಟೆ ತೆರೆಯದ ದಿನ ಆ ಊರನ್ನು ನೋಡಿದವರು ಕಾಲುವೆ, ಸೇತುವೆ, ಇಗರ್ಜಿಗಳನ್ನಷ್ಟೇ ನೋಡಿ ಬಂದಿರುತ್ತಾರೆ. ಅವೆಲ್ಲ ವೆನಿಸ್‌ನಲ್ಲಿ ಇನ್ನೂ ದೊಡ್ಡದಾಗಿಯೇ ಇವೆ. ಕಿಯೊಜಾದ ಹೆಚ್ಚುಗಾರಿಕೆ ಬೇರೆಯದು. ಇಲ್ಲಿನ ಕಾಲುವೆಗಳಲ್ಲಿ ನಿಂತಿರುವ ದೋಣಿಗಳು ದುಡಿಯುವ ದೋಣಿಗಳು. ದಂಡೆಯ ಮೇಲೆ ರಾಶಿ ಬಿದ್ದ ಬಲೆಗಳಿಗೆ ಹಸಿ ಮೀನಿನ ವಾಸನೆ ಇರುತ್ತದೆ.

ಇಟಲಿಯ ಈಶಾನ್ಯಕ್ಕೆ, ವೆನಿಸ್ ನಗರವನ್ನು ಸುತ್ತಿಕೊಂಡಿರುವ ಆಳವಿಲ್ಲದ ಉಪ್ಪು ಹಿನ್ನೀರಿನ ದಕ್ಷಿಣ ತುದಿಯಲ್ಲಿದೆ ಈ ಊರು. ‘ಪುಟ್ಟ ವೆನಿಸ್’ ಎಂದು ಪ್ರವಾಸದ ಕೈಪಿಡಿಗಳು ಕರೆಯುತ್ತವೆ. ವೆನಿಸ್ಸೇ ದೊಡ್ಡ ಕಿಯೊಜಾ ಎನ್ನುವುದು ಊರಿನವರ ಮಾತು. ವೆನಿಸ್‌ನ ಹಳೆಯ ದ್ವೀಪನಗರದಲ್ಲಿ ಈಗ ಐವತ್ತು ಸಾವಿರ ಜನವೂ ಉಳಿದಿಲ್ಲ. ದಿನದ ಮಟ್ಟಿಗೆ ಬಂದುಹೋಗುವವರ ಮೇಲೆ ಅಲ್ಲಿ 2024ರ ಏಪ್ರಿಲ್ 25ರಿಂದ ಕೆಲವು ದಿನಗಳಲ್ಲಿ 5 ಯೂರೊ ಪ್ರವೇಶ ಶುಲ್ಕ ಹಾಕಲಾಯಿತು. ಇಪ್ಪತ್ತೈದು ಜನಕ್ಕಿಂತ ದೊಡ್ಡ ಗುಂಪು ಕೂಡದು, ಮಾರ್ಗದರ್ಶಿಗಳು ಧ್ವನಿವರ್ಧಕ ಹಿಡಿಯಕೂಡದು ಎಂಬ ನಿಯಮವೂ ಅದೇ ವರ್ಷ ಬಂತು. ಆ ನೂಕುನುಗ್ಗಲಿನಿಂದ ಒಂದು ದಿನ ತಪ್ಪಿಸಿಕೊಳ್ಳಬೇಕೆನ್ನುವವರನ್ನು ಎಂಟು ಹತ್ತು ಜನರ ಸಣ್ಣ ಗುಂಪಾಗಿ ಇಲ್ಲಿಗೆ ಕರೆತರುವ ಪ್ರವಾಸಗಳಿವೆ. ಗುಂಪು ಸಣ್ಣದಾಗಿರುವುದು ಬರೀ ಅನುಕೂಲದ ಮಾತಲ್ಲ. ಮಾರುವವರ, ಕೊಳ್ಳುವವರ ಕಾಲಿಗೆ ಅಡ್ಡ ಬಾರದೆ ಪೇಟೆಯಲ್ಲಿ ನಿಲ್ಲಲು ಅಷ್ಟೇ ಜನಕ್ಕೆ ಸಾಧ್ಯ.

ವೆನಿಸ್‌ನಿಂದ ನೇರ ಬಸ್ಸಿದೆ, ಸುಮಾರು ಒಂದು ಗಂಟೆಯ ಹಾದಿ. ಹೊತ್ತಿದ್ದರೆ ಅದನ್ನು ಬಿಟ್ಟು ಲಿದೊ ದ್ವೀಪದಿಂದ ಹೊರಡುವ 11ನೇ ನಂಬರಿನ ಬಸ್ಸು ಹತ್ತುವುದೇ ಸರಿ. ಆ ಬಸ್ಸು ದ್ವೀಪದ ತುದಿಯವರೆಗೆ ಓಡಿ, ಜನರ ಸಮೇತ ಜಂಗಲ್ ಹತ್ತಿ ಅಳಿವೆ ದಾಟಿ, ಪೆಲ್ಲೆಸ್ತ್ರಿನಾ ಎಂಬ ಇನ್ನೊಂದು ದ್ವೀಪಕ್ಕೆ ಇಳಿಯುತ್ತದೆ. ಪೆಲ್ಲೆಸ್ತ್ರಿನಾ ಹನ್ನೊಂದು ಕಿಲೋಮೀಟರು ಉದ್ದದ ಮರಳು ಪಟ್ಟಿ. ಕೆಲವು ಕಡೆ ಅದರ ಅಗಲ ಒಂದು ರಸ್ತೆ, ಒಂದು ಗೋಡೆಗೆ ಸಾಕಾಗುವಷ್ಟೇ. ಆ ಗೋಡೆಯನ್ನು ನೋಡಲೆಂದೇ ಈ ದಾರಿ ಹಿಡಿಯಬೇಕು. ಕಡಲು ಹಿನ್ನೀರಿಗೆ ನುಗ್ಗದಂತೆ ವೆನಿಸ್ ಗಣರಾಜ್ಯ 1744ರಿಂದ 1782ರವರೆಗೆ ಇಸ್ತ್ರಿಯಾದ ಬಿಳಿ ಕಲ್ಲು ತಂದು ಕಟ್ಟಿಸಿದ ತಡೆಗೋಡೆ ಅದು. 1966ರ ನವೆಂಬರ್ 4ರ ಮಹಾ ನೆರೆಯಲ್ಲಿ ಸಮುದ್ರ ಅದನ್ನೂ ಒಡೆದು ಒಳಬಂದಿತ್ತು. ದ್ವೀಪದ ಕೊನೆಯಲ್ಲಿ ಬಸ್ಸಿಳಿದು ದೋಣಿ ಹತ್ತಿದರೆ ಅರ್ಧ ಗಂಟೆಯೊಳಗೆ ಕಿಯೊಜಾದ ವೀಗೊ ಕಟ್ಟೆ.

ಇಳಿದ ಕೂಡಲೇ ಎದುರಾಗುವುದು ಒಂದು ಕಂಬ, ಅದರ ನೆತ್ತಿಯ ಮೇಲೊಂದು ರೆಕ್ಕೆಯ ಸಿಂಹ. ವೆನಿಸ್‌ನ ಆಳ್ವಿಕೆ ಇದ್ದಲ್ಲೆಲ್ಲ ಸಂತ ಮಾರ್ಕನ ಈ ಸಿಂಹವಿತ್ತು. ಇಲ್ಲಿನದು ಅಳತೆಯಲ್ಲಿ ಚಿಕ್ಕದು. ವೆನಿಸ್ಸಿನವರು ಇದನ್ನು ‘ಕಿಯೊಜಾದ ಬೆಕ್ಕು’ ಎಂದು ಆಡಿಕೊಂಡು ತಲೆಮಾರುಗಳೇ ಕಳೆದಿವೆ.

ಊರಿನ ನಕ್ಷೆ ಮೀನಿನ ಮುಳ್ಳಿನಂತಿದೆ. ನಡುವೆ ಬೆನ್ನೆಲುಬಿನಂತೆ ಕೊರ್ಸೊ ದೆಲ್ ಪೊಪೊಲೊ ಎಂಬ ಅಗಲವಾದ ಪೇಟೆಬೀದಿ. ಎರಡೂ ಕಡೆಗೆ ಒಂದರ ಪಕ್ಕ ಒಂದರಂತೆ ಕವಲೊಡೆದು ನೀರಿಗೆ ಇಳಿಯುವ ಇಕ್ಕಟ್ಟಿನ ಓಣಿಗಳು. ಬೀದಿಗೆ ಸಮನಾಗಿ ಹರಿಯುವುದು ವೇನಾ ಕಾಲುವೆ, ಅದರ ಮೇಲೆ ಒಂಬತ್ತು ಸೇತುವೆ. ಒಂದು ಓಣಿಯಿಂದ ಇನ್ನೊಂದಕ್ಕೆ ದಾರಿ ತಪ್ಪಿದರೂ ಗಾಬರಿಯಿಲ್ಲ, ಎತ್ತ ನಡೆದರೂ ನೀರಿಗೋ ಪೇಟೆಬೀದಿಗೋ ಬಂದು ಸೇರಬೇಕು. ತಲೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಬಟ್ಟೆಗಳು ಒಣಗುತ್ತಿರುತ್ತವೆ.

ಮೀನುಪೇಟೆ ಈ ಕಾಲುವೆಯ ಪಕ್ಕದಲ್ಲೇ ಇದೆ, 1322ರಲ್ಲಿ ಕಟ್ಟಿದ ಹಳೆಯ ಕಣಜದ ಹಿಂದೆ. ಕಂಬಗಳ ಮೇಲೆ ನಿಲ್ಲಿಸಿದ ಆ ಕಟ್ಟಡ ಬರಗಾಲಕ್ಕೆಂದು ಊರಿನ ದವಸ ಕೂಡಿಡುತ್ತಿದ್ದ ಜಾಗ. ಹಿಂಬದಿಯಲ್ಲಿ ಕೆಂಪು ಪರದೆಗಳ ಕೆಳಗೆ ಮೀನಿನ ಅಂಗಡಿಗಳ ಸಾಲು. ಬೆಳಗಿನ ಬಿಸಿಲು ಆ ಪರದೆಯಿಂದ ಸೋಸಿ ಬರುವಾಗ ಮೀನು, ಮಂಜುಗಡ್ಡೆ, ಮಾರುವವರ ಮುಖ ಎಲ್ಲವೂ ಕೆಂಪಗೆ ಕಾಣುತ್ತವೆ. ಕರಾವಳಿಯ ಓದುಗರಿಗೆ ಇಲ್ಲಿ ಗುರುತು ಸಿಗುವಂಥವು ಬಹಳ: ಬೂತಾಯಿಯ ಜಾತಿಯ ಸಣ್ಣ ಮೀನು, ತನ್ನದೇ ಮಸಿಯಲ್ಲಿ ಮಿಂದ ಬೊಂಡಾಸು, ನೀರಿನ ಬಟ್ಟಲಲ್ಲಿ ಬಾಯಿ ತೆರೆದು ಮುಚ್ಚುವ ಮರುವಾಯಿ. ಗುರುತು ಸಿಗದವೂ ಇವೆ. ‘ಕನೋಚಾ’ ಎಂಬ ಸಿಗಡಿಯಂಥ ಜೀವಿಯ ಬಾಲದ ಮೇಲೆ ಬಿಳಿ ಅಂಚಿನ ಎರಡು ಕಂದು ಮಚ್ಚೆಗಳಿರುತ್ತವೆ. ಮೊದಲ ಸಲ ಕಂಡವರು ಅದನ್ನೇ ಮುಖವೆಂದೂ ಕಣ್ಣೆಂದೂ ತಿಳಿಯುತ್ತಾರೆ.

ವಸಂತದಲ್ಲೋ ಶರತ್ಕಾಲದಲ್ಲೋ ಹೋದವರಿಗೆ ‘ಮೊಯೆಕೆ’ ಸಿಗುತ್ತದೆ. ಅದು ಚಿಪ್ಪು ಕಳಚಿದ ಏಡಿ. ಹಿನ್ನೀರಿನ ಸಣ್ಣ ಹಸಿರು ಏಡಿ ಬೆಳೆಯುವಾಗ ಹಳೆಯ ಚಿಪ್ಪು ಬಿಡುತ್ತದೆ, ಹೊಸದು ಗಟ್ಟಿಯಾಗಲು ಕೆಲವು ಗಂಟೆ ಸಾಕು. ಆ ಕೆಲವು ಗಂಟೆಗಳಲ್ಲೇ ಅದನ್ನು ನೀರಿನಿಂದ ತೆಗೆಯಬೇಕು. ಅದಕ್ಕಾಗಿ ಮೀನುಗಾರರು ಹಿಡಿದ ಏಡಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿ, ಇನ್ನೇನು ಚಿಪ್ಪು ಬಿಡಲಿರುವುದನ್ನು ಹೊರಮೈಯ ಗುರುತಿನಿಂದಲೇ ಆರಿಸಿ, ನೀರಲ್ಲಿ ಮುಳುಗಿಸಿಟ್ಟ ಪಂಜರಕ್ಕೆ ಬಿಟ್ಟು, ದಿನಕ್ಕೆ ಹಲವು ಸಲ ಬಂದು ನೋಡುತ್ತಾರೆ. ಆ ಗುರುತು ಹಿಡಿಯುವ ಕಣ್ಣು ಅಪ್ಪನಿಂದ ಮಗನಿಗೆ ಬರಬೇಕು, ಪುಸ್ತಕದಿಂದ ಬರುವುದಲ್ಲ. ಅಡುಗೆ ಸರಳ: ಒಡೆದು ಕಲಕಿದ ಮೊಟ್ಟೆಯಲ್ಲಿ ಬಿಟ್ಟು, ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಕರಿದು ಇಡಿಯಾಗಿ ತಿನ್ನುವುದು.

ಸಗಟು ಮಾರಾಟ ಇದಕ್ಕಿಂತ ಬೇರೆ ಕಡೆ, ಬೇರೆ ರೀತಿ ನಡೆಯುತ್ತದೆ. ಹರಾಜೆಂದರೆ ಕೂಗಾಟ ಎನ್ನುವುದು ಎಲ್ಲ ಕಡೆಯ ರೂಢಿ. ಕಿಯೊಜಾದ ಪರಂಪರೆಯಲ್ಲಿ ಕೊಳ್ಳುವವನು ಹರಾಜು ನಡೆಸುವವನ ಬಳಿ ಬಾಗಿ ಕಿವಿಯಲ್ಲಿ ಬೆಲೆ ಹೇಳುತ್ತಾನೆ. ಪಕ್ಕದವನು ಎಷ್ಟಕ್ಕೆ ಕೇಳಿದನೆಂಬುದು ಉಳಿದವರಿಗೆ ತಿಳಿಯದು. ಕೇಳಿದ ಬೆಲೆಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡು ಹೆಚ್ಚು ಹೇಳಿದವನಿಗೆ ಮಾಲು ಕೊಡುವುದು ನಂಬಿಕೆಯ ಕೆಲಸ. ಇಟಲಿಯ ದೊಡ್ಡ ಮೀನುಗಾರಿಕೆ ಬಂದರುಗಳಲ್ಲೊಂದು ಹೀಗೆ ಪಿಸುಮಾತಿನಲ್ಲಿ ವ್ಯಾಪಾರ ಕಲಿತಿತು.

ಇಂಥ ಊರಿನಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಹಾಗಿದ್ದೂ ಒಂದು ತೊಡಕು. ಬೊಸ್ಕೊಲೊ, ತಿಯೊಜ್ಜೊ ಎಂಬ ಎರಡು ಮನೆತನದ ಹೆಸರುಗಳು ಇಲ್ಲಿ ಎಷ್ಟು ಮಂದಿಗಿವೆಯೆಂದರೆ, ಬರೀ ಹೆಸರು ಹೇಳಿದರೆ ಅಂಚೆಯವನಿಗೂ ಮನೆ ಸಿಗುವುದಿಲ್ಲ. ಹಾಗಾಗಿ ಪ್ರತಿ ಕವಲಿಗೂ ಒಂದೊಂದು ಅಡ್ಡಹೆಸರು. ಅದು ಬಾಯಿಮಾತಿನಲ್ಲಿ ಉಳಿಯದೆ ಸರಕಾರಿ ಕಾಗದಪತ್ರಗಳಿಗೂ ಏರಿದೆ. ಹಳೆಯ ದೋಣಿಗಳದ್ದೂ ಇದೇ ಕಥೆ. ಆಳವಿಲ್ಲದ ನೀರಿಗೆ ತಕ್ಕಂತೆ ತಳ ಚಪ್ಪಟೆಯಾಗಿರುವ ‘ಬ್ರಾಗೊಜ್ಜೊ’ ಎಂಬ ದೋಣಿಯ ಹಾಯಿಗೆ ಕಾವಿ, ಹಳದಿ ಮಣ್ಣಿನ ಬಣ್ಣ ಬಳಿದು, ಸೂರ್ಯ, ಶಿಲುಬೆ, ಸಂತರ ಚಿತ್ರ ಬರೆಯುತ್ತಿದ್ದರು. ಮನೆತನಕ್ಕೊಂದು ಬಣ್ಣ, ಒಂದು ಗುರುತು. ದಡದಲ್ಲಿ ಕಾದು ನಿಂತವರಿಗೆ ದೂರದಿಂದಲೇ ಯಾರ ದೋಣಿ ಬಂತೆಂದು ತಿಳಿಯಬೇಕಿತ್ತು, ಯಾರದು ಬರಲಿಲ್ಲವೆಂದೂ.

ಹೀಗೆ ಗಂಡಸರಿಗಾಗಿ ಕಾಯುತ್ತ ಬೀದಿಯಲ್ಲಿ ಕುಳಿತು ಕಸೂತಿ ಪಟ್ಟಿ ಹೆಣೆಯುವ ಹೆಂಗಸರಿಂದಲೇ ಕಾರ್ಲೊ ಗೊಲ್ದೋನಿಯ ಪ್ರಸಿದ್ಧ ನಾಟಕವೊಂದು ಆರಂಭವಾಗುತ್ತದೆ. ಹದಿನೆಂಟನೇ ಶತಮಾನದ ಈ ನಾಟಕಕಾರ ಹರೆಯದಲ್ಲಿ ಇಲ್ಲಿನ ನ್ಯಾಯ ಕಚೇರಿಯಲ್ಲಿ ಕೆಲಸಕ್ಕಿದ್ದ. ಓಣಿಯ ಜಗಳಗಳು ಅವನ ಮೇಜಿಗೆ ದೂರುಗಳಾಗಿ ಬರುತ್ತಿದ್ದವು. 1762ರಲ್ಲಿ ಅವನ್ನೇ ‘ಲೆ ಬರುಫೆ ಕಿಯೊಜ್ಜೊತ್ತೆ’ ಎಂಬ ಹಾಸ್ಯ ನಾಟಕ ಮಾಡಿ ವೆನಿಸ್‌ನಲ್ಲಿ ಆಡಿಸಿದ. ಅರಮನೆ, ಶ್ರೀಮಂತರನ್ನು ಬಿಟ್ಟು ಬೆಸ್ತರ ಮಾತನ್ನು ಅವರ ಆಡುನುಡಿಯಲ್ಲೇ ರಂಗಕ್ಕೆ ತಂದದ್ದು ಆ ಕಾಲಕ್ಕೆ ದೊಡ್ಡ ಧೈರ್ಯ. 1786ರಲ್ಲಿ ಜರ್ಮನ್ ಕವಿ ಗಯಟೆ ಅದನ್ನು ವೆನಿಸ್‌ನಲ್ಲಿ ನೋಡಿ ಮನಸಾರೆ ಮೆಚ್ಚಿದ. ಬೇಸಿಗೆಯಲ್ಲಿ ಇಂದಿಗೂ ಊರಿನವರು ಇದನ್ನು ಇದೇ ಓಣಿಗಳಲ್ಲಿ ಆಡುತ್ತಾರೆ.

ಮಧ್ಯಾಹ್ನದ ಊಟಕ್ಕೆ ಮೊದಲು ಸಂತ ಅಂದ್ರೆಯಾ ಗೋಪುರ ಹತ್ತಿದರೆ ಒಳ್ಳೆಯದು. ಅಲ್ಲಿನ ಯಂತ್ರ ಗಡಿಯಾರದ ಉಲ್ಲೇಖ 1386ರ ದಾಖಲೆಯಲ್ಲೇ ಸಿಗುತ್ತದೆ. ಜಗತ್ತಿನ ಅತಿ ಹಳೆಯ ಗೋಪುರ ಗಡಿಯಾರಗಳಲ್ಲಿ ಅದೂ ಒಂದು. ಸೂರ್ಯ ಚಂದ್ರರ ಜೊತೆಗೆ ಐದು ಗ್ರಹಗಳ ಚಲನೆಯನ್ನೂ ತೋರಿಸುವ ಯಂತ್ರವನ್ನು 1364ರಲ್ಲಿ ಮುಗಿಸಿದ ಜಿಯೊವಾನ್ನಿ ದೊಂದಿ ಹುಟ್ಟಿದ್ದು ಈ ಊರಿನಲ್ಲೇ. ಆ ಶತಮಾನದಲ್ಲೇ ಊರು ಸುಟ್ಟು ಬೂದಿಯಾಗುವಂಥ ಯುದ್ಧವನ್ನೂ ಕಂಡಿತು. 1379ರ ಆಗಸ್ಟಿನಲ್ಲಿ ವೆನಿಸ್‌ನ ಎದುರಾಳಿ ಜಿನೋವಾದ ಸೇನೆ ಕಿಯೊಜಾವನ್ನು ಹಿಡಿದಾಗ ವೆನಿಸ್ಸೇ ಬಿತ್ತೆಂದು ಎಲ್ಲರೂ ಭಾವಿಸಿದ್ದರು. ವೆನಿಸ್ಸಿನವರು ಕಲ್ಲು ತುಂಬಿದ ಹಡಗುಗಳನ್ನು ಅಳಿವೆಗಳಲ್ಲಿ ಮುಳುಗಿಸಿ ದಾರಿ ಕಟ್ಟಿದರು. ಮುತ್ತಿಗೆ ಹಾಕಲು ಬಂದವರು ತಾವೇ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಬಳಲಿ, 1380ರ ಜೂನ್ 24ರಂದು ಶರಣಾದರು.

ಕನ್ನಡಿಗರು ಈ ಊರಿನಲ್ಲಿ ನೆನೆಯಲೇಬೇಕಾದ ಹೆಸರು ಬೇರೊಂದಿದೆ. ವಿಜಯನಗರದ ಪಾಠದಲ್ಲಿ ಬರುವ ಇಟಲಿಯ ಪ್ರವಾಸಿ ನಿಕೊಲೊ ಕೊಂಟಿ, ಆ ಯುದ್ಧ ಮುಗಿದು ಹದಿನೈದು ವರ್ಷಗಳ ಸುಮಾರಿಗೆ ಕಿಯೊಜಾದಲ್ಲಿ ಹುಟ್ಟಿದವನು. ವ್ಯಾಪಾರಕ್ಕೆಂದು ಹೊರಟು ದಮಾಸ್ಕಸ್‌ನಲ್ಲಿ ಅರಬ್ಬಿ ಕಲಿತು, ಪರ್ಷಿಯಾ ದಾಟಿ, 1420ರ ಸುಮಾರಿಗೆ ವಿಜಯನಗರ ತಲುಪಿದ. ಆ ರಾಜಧಾನಿಯನ್ನು ಕಂಡು ಹೇಳಿದ ಯುರೋಪಿಯನ್ನರಲ್ಲಿ ನಮಗೆ ಗೊತ್ತಿರುವ ಮೊದಲಿಗ ಅವನೇ. ನಗರದ ಸುತ್ತಳತೆ ಅರವತ್ತು ಮೈಲಿ, ಆಯುಧ ಹಿಡಿಯಬಲ್ಲವರು ತೊಂಬತ್ತು ಸಾವಿರ ಎಂದು ಅವನ ಲೆಕ್ಕ. ದೀಪಗಳ ಹಬ್ಬವನ್ನೂ, ಬಣ್ಣದ ನೀರೆರಚುವ ಹಬ್ಬವನ್ನೂ ಅವನು ನೆನಪಿಟ್ಟು ಹೇಳಿದ. ಮರಳಿ ಬರುವ ದಾರಿಯಲ್ಲಿ, ಈಜಿಪ್ಟಿನಲ್ಲಿ, ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ. ಪ್ರಾಣಭಯದಿಂದ ಮತ ಬಿಟ್ಟಿದ್ದಕ್ಕೆ ಪೋಪ್ ನಾಲ್ಕನೇ ಯುಜೀನ್ ಕ್ಷಮೆ ಕೊಟ್ಟ, ಪ್ರವಾಸದ ಕಥೆಯನ್ನೆಲ್ಲ ತನ್ನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲೀನಿಗೆ ಹೇಳಿ ಬರೆಸಬೇಕು ಎಂದು ವಿಧಿಸಿದ. ಅಂದು ಲ್ಯಾಟಿನ್‌ನಲ್ಲಿ ಬರೆದಿಟ್ಟ ಆ ವೃತ್ತಾಂತ ಉಳಿದಿರುವುದರಿಂದ ಹಂಪಿಯ ಇತಿಹಾಸ ಬರೆಯುವವರು ಇಂದಿಗೂ ಈ ಕಿಯೊಜಾದವನ ಸಾಕ್ಷ್ಯ ಕೇಳುತ್ತಾರೆ. ಸಣ್ಣ ಗುಂಪಿನಲ್ಲಿದ್ದರೆ ಮಾರ್ಗದರ್ಶಿಯನ್ನು ಅವನ ಬಗ್ಗೆ ಕೇಳಲು ಸಂಕೋಚಪಡಬೇಕಿಲ್ಲ. ಹಂಪಿ ಈಗ ಹೇಗಿದೆ ಎಂದು ಅವರಿಗೆ ನಾವು ಹೇಳಲೂಬಹುದು.

ಊಟಕ್ಕೆ ಕಾಲುವೆ ಬದಿಯ ಯಾವ ಖಾನಾವಳಿಗೆ ಹೋದರೂ ‘ಸಾರ್ದೆ ಇನ್ ಸಾವೋರ್’ ಇರುತ್ತದೆ: ಕರಿದ ಮೀನಿನ ಮೇಲೆ ವಿನಿಗರಿನಲ್ಲಿ ಬೇಯಿಸಿದ ಈರುಳ್ಳಿಯ ಪದರ ಹಾಸಿ, ಒಂದೆರಡು ದಿನ ಹಾಗೇ ಬಿಟ್ಟು ತಿನ್ನುವುದು. ಕಡಲಲ್ಲಿ ಕೆಡದಂತೆ ಇಡಲು ನಾವಿಕರು ಕಂಡುಕೊಂಡ ಉಪಾಯ ಅದು. ದೋಣಿಯಲ್ಲಿ ಒಯ್ಯುತ್ತಿದ್ದ ಬೊಸ್ಸೊಲಾ ಎಂಬ ಬಳೆಯಾಕಾರದ ಗರಿಗರಿ ಬ್ರೆಡ್ಡೂ ಹಾಗೇ, ತಿಂಗಳುಗಟ್ಟಲೆ ಬಾಳುತ್ತದೆ. ಸಸ್ಯಾಹಾರಿಗಳು ಬರಿಹೊಟ್ಟೆಯಲ್ಲಿ ಹೊರಡಬೇಕಿಲ್ಲ. ಊರಿನ ಹಿಂದಿನ ಮರಳು ನೆಲದಲ್ಲಿ ಬೆಳೆಯುವ, ಕೋಸಿನಂತೆ ಗುಂಡಗಿದ್ದು ನೇರಳೆಗೆಂಪು ಬಣ್ಣದ ಕಹಿ ಸೊಪ್ಪು ರಾದಿಕ್ಕಿಯೊ ಈ ಊರಿನ ಹೆಸರಿನಲ್ಲೇ ಯುರೋಪಿನ ಭೌಗೋಳಿಕ ಸೂಚ್ಯಂಕ ಪಡೆದಿದೆ. ಅನ್ನದ ಜೊತೆ ಬೇಯಿಸಿದರೂ ಸುಟ್ಟರೂ ರುಚಿ.

ನೀರು ಈಗ ಈ ಊರಿನ ಚಿಂತೆಯೂ ಹೌದು. ಉಬ್ಬರ ಉಕ್ಕಿದಾಗ ವೇನಾ ಕಾಲುವೆಯ ಎರಡೂ ತುದಿ ಮುಚ್ಚುವ ಬಾಗಿಲುಗಳಿವೆ. ಊರ ಪಕ್ಕದ ಅಳಿವೆಯ ಬಾಯಲ್ಲಿ, ಇಡೀ ಹಿನ್ನೀರನ್ನು ಕಾಯುವ ‘ಮೊಸೆ’ ತಡೆಯ 78 ಉಕ್ಕಿನ ಬಾಗಿಲುಗಳಲ್ಲಿ 18 ಇವೆ. 2020ರ ಅಕ್ಟೋಬರ್ 3ರಂದು ಮೊದಲ ಸಲ ನಿಜವಾದ ಉಬ್ಬರಕ್ಕೆ ಅವನ್ನು ಎತ್ತಲಾಯಿತು. ಎತ್ತಿದಾಗ ಮೀನುಗಾರರು ಹೊರಗುಳಿಯಬಾರದೆಂದು ದೋಣಿಗಳಿಗೆ ಪ್ರತ್ಯೇಕ ದ್ವಾರ ಕಟ್ಟಬೇಕಾಯಿತು.

ಬಾಗಿಲಿಗೆ ನಿಲ್ಲದ ಶತ್ರು ಬೇರೆ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ನೀಲಿ ಏಡಿ 2023ರಲ್ಲಿ ಈ ಕಡಲಲ್ಲೂ ಪೊ ನದಿಯ ಮುಖಜಭೂಮಿಯಲ್ಲೂ ಮಿತಿಮೀರಿ ಹೆಚ್ಚಿತು. ಗಟ್ಟಿ ಇಕ್ಕುಳಗಳಿಂದ ಎಳೆಯ ಮರುವಾಯಿಗಳನ್ನು ಒಡೆದು ತಿಂದು, ಬಲೆ ಹರಿದು, ಮರುವಾಯಿ ಕೃಷಿಯನ್ನೇ ನಂಬಿದ್ದ ಕುಟುಂಬಗಳನ್ನು ಬರಿಗೈ ಮಾಡಿತು. ನಾಶವಾದ ಮರುವಾಯಿಯೂ ಇಲ್ಲಿನದಲ್ಲ, 1983ರಲ್ಲಿ ಫಿಲಿಪ್ಪೀನ್ಸ್ ತಳಿಯನ್ನು ತಂದು ಹಿನ್ನೀರಿಗೆ ಬಿಟ್ಟದ್ದು. ಏಡಿಯನ್ನು ಹಿಡಿದು ನಾಶ ಮಾಡಲು ಇಟಲಿ ಸರಕಾರ ಆ ಆಗಸ್ಟಿನಲ್ಲಿ 29 ಲಕ್ಷ ಯೂರೊ ತೆಗೆದಿಟ್ಟಿತು. ಮೀನುಗಾರರು ಅದನ್ನು ಪೇಟೆಗೂ ತಂದರು, ಖಾನಾವಳಿಗಳು ಸೇಮಿಗೆಯಂಥ ಪಾಸ್ತಾದ ಜೊತೆ ಬಡಿಸತೊಡಗಿದವು. ಮಾಂಸ ಸಿಹಿಯಾಗಿರುತ್ತದೆ. ಊಟದ ಪಟ್ಟಿಯಲ್ಲಿ ನೀಲಿ ಏಡಿ ಕಂಡರೆ ಅದನ್ನೇ ತರಿಸಿಕೊಳ್ಳಿ. ಒಂದೊಂದು ಏಡಿ ಖರ್ಚಾದಷ್ಟೂ ಅದನ್ನು ಹಿಡಿಯಲು ಹೋಗುವವರಿಗೆ ಮರುದಿನದ ಡೀಸೆಲ್‌ನ ದುಡ್ಡಾದರೂ ಹುಟ್ಟುತ್ತದೆ.